ಎಡದಂಡೆ ಕಾಲುವೆಗಾಗಿ ವಾದಿಸಿದವರು

ಪ್ರತಿವರ್ಷ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವನ್ನು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿಯೂ ಗೌರವದಿಂದ ಆಚರಿಸುತ್ತಾರೆ. ಅದು ಯೋಗ್ಯವೇ ಆಗಿದೆ. ಆದರೆ ನಮ್ಮದೇ ಹೊಲಗಳಿಗೆ ನೀರು ತಂದ ತುಂಗಭದ್ರಾ ಎಡದಂಡೆ ಕಾಲುವೆಗಾಗಿ ಹಣ ಹೂಡಿರೆಂದು ಸರ್ಕಾರಗಳ ಮುಂದೆ ವಾದಿಸಿದ ಇಂಜಿನಿಯರುಗಳು ಯಾರೆಂದು ಕೇಳಿದರೆ ತರಗತಿಯಲ್ಲಿ ಕೈ ಎತ್ತುವವರು ವಿರಳ. ಇಂಜಿನಿಯರುಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗಾದರೂ ಈ ಚರಿತ್ರೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರಾದ ಈ ಪ್ರದೇಶ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇದ್ದೂ ಬಾಯಾರಿದ ಭೂಮಿ. ನದಿಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ದಿಬ್ಬದ ಮೇಲಿವೆ. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ದನಕ್ಕೆ ಸೊಪ್ಪೆಯೂ ಇಲ್ಲ. 1876-78ರ ಧಾತು ಸಂವತ್ಸರದ ಬರ ದಕ್ಷಿಣ ಭಾರತದಲ್ಲಿ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ತುಂಗಭದ್ರೆಗೆ ದೊಡ್ಡ ಜಲಾಶಯವೊಂದನ್ನು ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಸೂಚಿಸಿದ್ದರು. ಬರ ಬರುವುದಕ್ಕೆ 16 ವರ್ಷ ಮೊದಲು!

ಕಾಟನ್ನರ ಮಾತು ಏಕೆ ಕಾರ್ಯಗತವಾಗಲಿಲ್ಲ? ಅಂದಿನ ಸರ್ಕಾರ ನೀರಾವರಿಯನ್ನು ಸಾಹುಕಾರನ ಕಣ್ಣಿನಿಂದ ನೋಡುತ್ತಿತ್ತು. ಹಾಕಿದ ಬಂಡವಾಳಕ್ಕೆ ಬಡ್ಡಿ ಹುಟ್ಟುವಂತಿದ್ದರೆ ಕಾಮಗಾರಿ ಉಂಟು, ಇಲ್ಲವಾದರೆ ಇಲ್ಲ. ಖಾಸಗಿ ಬಂಡವಾಳದ ಪ್ರಯೋಗವೂ ಇದೇ ನದಿಯ ಮೇಲೆ ನಡೆಯಿತು. ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪನಿಯು ಶೇಕಡಾ 5ರ ಬಡ್ಡಿಯ ಸರ್ಕಾರಿ ಖಾತರಿಯೊಂದಿಗೆ ಕರ್ನೂಲು-ಕಡಪ ಕಾಲುವೆಯನ್ನು ತೋಡಿತು. ಆದಾಯ ಹುಟ್ಟಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಳ್ಳಬೇಕಾಯಿತು. ಲಾಭದ ಆಸೆಯಿಂದ ಬಂದವರು ಬರಪೀಡಿತ ನಾಡಿನಲ್ಲಿ ಬಹುಕಾಲ ನಿಲ್ಲಲಾರರೆಂಬುದಕ್ಕೆ ಇದು ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಲೆಕ್ಕಾಚಾರದ ರೀತಿ ಬದಲಾಗತೊಡಗಿದ್ದು 1901-03ರ ಭಾರತೀಯ ನೀರಾವರಿ ಆಯೋಗದ ಕಾಲಕ್ಕೆ. ಅದರ ಅಧ್ಯಕ್ಷ ಸ್ಕಾಟ್-ಮಾನ್‌ಕ್ರೀಫ್ ಸ್ವತಃ ಇಂಜಿನಿಯರ್. ಬಡ್ಡಿ ಹುಟ್ಟದಿದ್ದರೂ ಬರದಿಂದ ಜನರನ್ನು ಕಾಪಾಡುವ 'ರಕ್ಷಣಾತ್ಮಕ' ಕಾಮಗಾರಿಗಳಿಗೆ ಸಾರ್ವಜನಿಕ ಹಣ ಹೂಡುವುದು ನ್ಯಾಯವೆಂಬ ವಾದಕ್ಕೆ ಆಗ ಬಲ ಬಂದಿತು. ಬರಪರಿಹಾರಕ್ಕೆ ಆಗುವ ವೆಚ್ಚವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು ಎಂಬುದೇ ಅದರ ತಿರುಳು. ಅದೇ ಕಾಲದಲ್ಲಿ ಪುಣೆ ಭಾಗದಲ್ಲಿದ್ದ ವಿಶ್ವೇಶ್ವರಯ್ಯನವರು ಸ್ವಲ್ಪ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ 'ಬ್ಲಾಕ್ ಪದ್ಧತಿ'ಯನ್ನು ರೂಪಿಸಿದ್ದರು.

ನಮ್ಮ ಕಥೆಯ ಮುಖ್ಯ ಪುರುಷ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್. 1877ರಲ್ಲಿ ಜನಿಸಿ, ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಕಲಿತು, ಹೈದರಾಬಾದ್ ಸಂಸ್ಥಾನದ ಮುಖ್ಯ ಇಂಜಿನಿಯರಾದವರು. 1931ರಲ್ಲಿ ಪೂರ್ಣಗೊಂಡ ನಿಜಾಮಸಾಗರ ಅವರ ಕೃತಿ. ತುಂಗಭದ್ರೆಯ ನೀರಿನ ಮಾತುಕತೆಗಳಲ್ಲಿ ಹೈದರಾಬಾದಿನ ಪಾಲಿಗಾಗಿ ವಾದಿಸಿದವರಲ್ಲಿ ಅವರು ಪ್ರಮುಖರು. ಮದ್ರಾಸಿನೊಡನೆ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆದು, 1944ರ ಒಪ್ಪಂದದಲ್ಲಿ ಎರಡೂ ಕಡೆಗೆ ಸಮಪಾಲು ನಿಗದಿಯಾಯಿತು, ತಲಾ 65 ಟಿಎಂಸಿ. 1945ರ ಫೆಬ್ರವರಿ 28ರಂದು ಒಂದು ದಂಡೆಯಲ್ಲಿ ಬೇರಾರಿನ ರಾಜಕುಮಾರರೂ ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪರೂ ಅಡಿಗಲ್ಲು ಇಟ್ಟರು. ಮದ್ರಾಸಿನ ತಿರುಮಲೆ ಅಯ್ಯಂಗಾರ್, ಹೈದರಾಬಾದಿನ ಪಾಪಯ್ಯ ಮೊದಲಾದ ಇಂಜಿನಿಯರುಗಳು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಅಣೆಕಟ್ಟನ್ನು ಎಬ್ಬಿಸಿದರು. ಎಡದಂಡೆ ಕಾಲುವೆಯ ಸುರಂಗ ಇಂದಿಗೂ ಪಾಪಯ್ಯನವರ ಹೆಸರಿನಲ್ಲಿದೆ. ನಡುವೆ 1948ರ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆಯೇ ಮುಗಿಯಿತು. ಕಾಮಗಾರಿ ಮಾತ್ರ ಮುಂದುವರಿಯಿತು. 1953ರಲ್ಲಿ ನೀರು ಹರಿಯಿತು. ಅಲಿ ನವಾಜ್ ಜಂಗರು 1949ರಲ್ಲಿಯೇ ತೀರಿಕೊಂಡಿದ್ದರು.

ಸುಮಾರು 227 ಕಿ.ಮೀ. ಉದ್ದದ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನತ್ತ ಸಾಗುತ್ತದೆ. ಇಳಿಜಾರನ್ನು ಅನುಸರಿಸುವ ಕಾಲುವೆಯಾದ್ದರಿಂದ ಅದರ ಕೆಳಗಿನ ಮಗ್ಗುಲಿಗೆ ನೀರು, ಮೇಲಿನ ಮಗ್ಗುಲಿಗೆ ಆಕಾಶವೇ ಗತಿ. ಸಿಂಧನೂರಿನ ಕ್ಯಾಂಪುಗಳಲ್ಲಿ ಭತ್ತ ತೂಗುತ್ತಿದ್ದ ವರ್ಷಗಳಲ್ಲಿ ಲಿಂಗಸುಗೂರಿನವರು ಸಜ್ಜೆ, ತೊಗರಿಗಳನ್ನೇ ನಂಬಿದ್ದರು. 1905ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಊರು ಅದು! ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟರೂ ನಾರಾಯಣಪುರ ಅಣೆಕಟ್ಟು ಸಿದ್ಧವಾದದ್ದು 1982ರಲ್ಲಿ. ಅದರ ಬಲದಂಡೆ ಕಾಲುವೆಯ ನೀರಿಗೆ ಲಿಂಗಸುಗೂರು ಇನ್ನೂ ಕಾಯಬೇಕಾಯಿತು. ಎರಡರ ನಡುವಿನ ಮಸ್ಕಿಯ ಹಳ್ಳಿಗಳು 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತದ್ದನ್ನು ನೀವೆಲ್ಲ ಬಲ್ಲಿರಿ. (ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಸಾಹೇಬರೂ ಗಣಿ ಇಂಜಿನಿಯರೇ. ಇರಲಿ.)

ಎಡದಂಡೆ ಕಾಲುವೆಯನ್ನು ರೂಪಿಸಿದವರ ಉದ್ದೇಶ ಭತ್ತದ ಕಣಜ ಮಾಡುವುದಾಗಿರಲಿಲ್ಲ. ಆರು ಲಕ್ಷ ಎಕರೆಗೆ ಸಮೀಪವಾದ ಭೂಮಿಗೆ ತೆಳುವಾಗಿ ನೀರು ಹಂಚಿ, ಬಹುಭಾಗದಲ್ಲಿ ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸಿಕೊಡುವುದೇ ಮೂಲ ಸಂಕಲ್ಪ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬ ಲೋಕಲೈಸೇಷನ್ ಪಟ್ಟಿಯೂ ಇತ್ತು. ಪಟ್ಟಿ ಕಾಗದದಲ್ಲಿ ಉಳಿಯಿತು. ಮೇಲ್ಭಾಗದವರು ಭತ್ತ ಹಚ್ಚಿದರು, ಮಾನ್ವಿ, ರಾಯಚೂರು ಕಡೆಯ ಕೊನೆಯ ತೂಬುಗಳು ಒಣಗಿದವು. ಭತ್ತ ಬೆಳೆದವರನ್ನು ನಾನು ದೂರಲಾರೆ, ನನ್ನ ಎಷ್ಟೋ ವಿದ್ಯಾರ್ಥಿಗಳು ಆ ಭತ್ತದಿಂದಲೇ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಆದರೆ ಬರದ ಹೆಸರಿನಲ್ಲಿ ಪಡೆದ ಸಾರ್ವಜನಿಕ ಹಣ ಬರಪೀಡಿತರೆಲ್ಲರಿಗೂ ಸಲ್ಲಲಿಲ್ಲ ಎಂಬುದು ಸತ್ಯ.

ಕಟ್ಟುವುದಕ್ಕೆ ದೊರೆತ ಹಣ ಕಾಪಾಡುವುದಕ್ಕೆ ಸುಲಭವಾಗಿ ದೊರೆಯುವುದಿಲ್ಲ. ಅಡಿಗಲ್ಲಿಗೆ ಹೆಸರು ಕೆತ್ತಬಹುದು, ಗೇಟಿನ ಸರಪಳಿಗೆ ಎಣ್ಣೆ ಹಾಕಿದವನ ಹೆಸರನ್ನು ಎಲ್ಲಿ ಕೆತ್ತುವುದು? 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿತು. ಪರಿಣತರು 33 ಗೇಟುಗಳನ್ನೂ ಬದಲಿಸಲು ಸಲಹೆ ನೀಡಿದರು. 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿ, ಗೇಟುಗಳ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನಿಸಬೇಕಾಯಿತು. ಹೂಳಿನ ಲೆಕ್ಕ ಬೇರೆ: ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 2016ರ ಸಮೀಕ್ಷೆಯಂತೆ 105.78ಕ್ಕೆ ಇಳಿದಿತ್ತು. ನಷ್ಟ ತುಂಬಲು ನವಲಿಯ ಬಳಿ ಇನ್ನೊಂದು ಜಲಾಶಯ ಬೇಕೆಂಬ ಬೇಡಿಕೆ ಇದೆ, ಅದಕ್ಕೆ ನೆರೆರಾಜ್ಯಗಳ ಒಪ್ಪಿಗೆ ಬೇಕು.

ನೀರಾವರಿ ಇಲಾಖೆಯಲ್ಲಿ ದುಡಿಯುತ್ತಿರುವ ನನ್ನ ಶಿಷ್ಯರು ತಮ್ಮ ತಮ್ಮ ಉಪಕಾಲುವೆಗಳ ಈಗಿನ ಸ್ಥಿತಿಯನ್ನೂ, ಗ್ಯಾಂಗ್‌ಮನ್‌ಗಳು ಎಷ್ಟು ಜನ ಉಳಿದಿದ್ದಾರೆಂಬುದನ್ನೂ ಬರೆದು ಕಳುಹಿಸಿದರೆ ಮುಂದಿನ ಲೇಖನದಲ್ಲಿ ಅದನ್ನೇ ಎತ್ತಿಕೊಳ್ಳುತ್ತೇನೆ.