ದೊಂದಿ ಬೆಳಕಿನ ರಕ್ಕಸ

ಕಳೆದ ವರ್ಷ ನಮ್ಮ ಮನೆಯ ಹರಕೆ ಆಟದ ದಿನ ಲೈಟಿನ ಉಸ್ತುವಾರಿ ನನ್ನದಾಗಿತ್ತು. ಬೆಂಗಳೂರಲ್ಲಿ ಕೋಡ್ ಬರೆಯುವವನು ಬ್ರಹ್ಮಾವರಕ್ಕೆ ಬಂದರೆ ವೈರು, ಪ್ಲಗ್ಗು, ಮೈಕು ಎಲ್ಲ ಅವನ ತಲೆಗೇ. ಫೋನಲ್ಲಿ ವಿಡಿಯೋ ಚಂದ ಬರಲಿ ಅಂತ ರಂಗಸ್ಥಳದ ಎದುರು ಎರಡು ಹ್ಯಾಲೊಜೆನ್ ಜಾಸ್ತಿಯೇ ಕಟ್ಟಿಸಿದೆ. ನಡುರಾತ್ರಿ ಬಣ್ಣದ ವೇಷ ಬಂತು, ಅಬ್ಬರ ಕೊಟ್ಟಿತು. ಎದುರು ಕೂತ ಮಕ್ಕಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಚುರುಮುರಿ ಪೊಟ್ಟಣಕ್ಕೆ ಕೈ ಹಾಕಿದವು. ಒಂದೂ ಹೆದರಲಿಲ್ಲ.

ಪಕ್ಕದಲ್ಲಿದ್ದ ಅಜ್ಜ ಹೇಳಿದರು: "ಎಂತ ಮಗಾ, ಹಗ್ಲ್ ಮಾಡಿ ಇಟ್ಟಿದ್ಯಲ. ಎಲ್ಲಾ ಕಂಡ್ರೆ ಹೆದ್ರಿಕೆ ಹ್ಯಾಂಗ್ ಆತ್ತ್?"

ಆ ಮಾತು ಸರಿಯಾಗಿ ಅರ್ಥವಾದದ್ದು ಕೆಲವು ವಾರಗಳ ನಂತರ, 1931ರ ಕಪ್ಪು-ಬಿಳುಪು 'ಫ್ರಾಂಕನ್‌ಸ್ಟೈನ್' ನೋಡಿದಾಗ. ನಗು ಬರಬಹುದು ಅಂದುಕೊಂಡೇ ಲ್ಯಾಪ್‌ಟಾಪ್ ತೆರೆದಿದ್ದೆ. ಬರಲಿಲ್ಲ.

ಮೇರಿ ಶೆಲ್ಲಿ ಬರೆದ ಮೂಲ ಕಾದಂಬರಿ ಪ್ರಕಟವಾದದ್ದು 1818ರಲ್ಲಿ. ಹೆಣದ ತುಂಡುಗಳನ್ನು ಸೇರಿಸಿ ಜೀವ ಕೊಡುವ ವಿಜ್ಞಾನಿಯ ಹೆಸರು ಫ್ರಾಂಕನ್‌ಸ್ಟೈನ್. ಅವನು ಮಾಡಿದ ಪಿಶಾಚಿಗೆ ಹೆಸರೇ ಇಲ್ಲ. ಕಾದಂಬರಿಯಲ್ಲಿ ಅದು ಬೇಕಾದಷ್ಟು ಮಾತಾಡುತ್ತದೆ. ಜೇಮ್ಸ್ ವೇಲ್ ನಿರ್ದೇಶಿಸಿದ ಈ ಸಿನಿಮಾದಲ್ಲಿ ಬರೀ ಗುರುಗುಟ್ಟುತ್ತದೆ. ಪಾತ್ರ ಮಾಡಿದವರು ಬೋರಿಸ್ ಕಾರ್ಲಾಫ್. ಆದರೆ ಶುರುವಿನ ಪಾತ್ರಪಟ್ಟಿಯಲ್ಲಿ ಅವರ ಹೆಸರಿರಬೇಕಾದ ಕಡೆ ಇದ್ದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ!

ಅದರ ಮೊದಲ ಪ್ರವೇಶ ನೋಡಬೇಕು. ಬಾಗಿಲಲ್ಲಿ ಹಿಂದುಹಿಂದಾಗಿ ಬರುತ್ತದೆ, ಮೊದಲು ಕಾಣುವುದು ಬೆನ್ನು. ಮೆಲ್ಲಗೆ ತಿರುಗುತ್ತದೆ. ಆಮೇಲೆ ಹಂತಹಂತವಾಗಿ ಮುಖ ಹತ್ತಿರವಾಗುತ್ತದೆ. ನನಗೆ ಥಟ್ಟನೆ ನೆನಪಾದದ್ದು ನಮ್ಮ ತೆರೆ ಒಡ್ಡೋಲಗ. ಅಲ್ಲಿಯೂ ರಕ್ಕಸ ಒಮ್ಮೆಲೇ ಕಾಣುವುದಿಲ್ಲ. ಮೊದಲು ಅಬ್ಬರ, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಕೊನೆಗೆ ಮುಖ. ನಡುವೆ ದೊಂದಿಗೆ ರಾಳದ ಪುಡಿ ಎಸೆದರೆ ಭುಗ್ಗೆನ್ನುವ ಬೆಂಕಿ.

ಬಣ್ಣದ ಲೆಕ್ಕಾಚಾರವೂ ಎರಡು ಕಡೆ ಒಂದೇ. ಕಾರ್ಲಾಫ್‌ಗೆ ಮೇಕಪ್ ಮಾಡಿದ ಜಾಕ್ ಪಿಯರ್ಸ್ ದಿನಾ ಸುಮಾರು ನಾಲ್ಕು ಗಂಟೆ ಕೂರುತ್ತಿದ್ದರಂತೆ. ಮುಖಕ್ಕೆ ಹಚ್ಚಿದ್ದು ಹಸಿರು ಛಾಯೆಯ ಬಣ್ಣ, ಯಾಕೆಂದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ಅದು ಹೆಣದ ಬಿಳಿಚಾಗಿ ಕಾಣುತ್ತಿತ್ತು. ನಮ್ಮ ಚೌಕಿಯಲ್ಲಿ ಅರದಾಳ, ಇಂಗಳಿಕ, ಸಫೇದು, ಕಾಡಿಗೆ. ರಕ್ಕಸನ ಮುಖಕ್ಕೆ ಅಕ್ಕಿಹಿಟ್ಟು-ಸುಣ್ಣದ ಚುಟ್ಟಿ. ಅದಕ್ಕೂ ಗಂಟೆಗಟ್ಟಲೆ ಕೂರಬೇಕು. ಇದೆಲ್ಲ ಹುಟ್ಟಿದ್ದು ಅಲುಗಾಡುವ ಎಣ್ಣೆಬೆಳಕಿಗಾಗಿ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಆಮೇಲೆ ಟ್ಯೂಬ್‌ಲೈಟ್, ಈಗ ನನ್ನ ಹ್ಯಾಲೊಜೆನ್. ಬಣ್ಣ ಹಾಗೇ ಉಳಿಯಿತು, ಅದಕ್ಕೆ ಬೇಕಾದ ಕತ್ತಲೆ ಹೋಯಿತು. ಸಿನಿಮಾಕ್ಕೆ ಈ ಕಷ್ಟ ಇಲ್ಲ. 1931ರ ನೆರಳು ರೀಲಿನೊಳಗೇ ಸೇರಿಹೋಗಿದೆ, ಯಾರೂ ಅದರ ಮೇಲೆ ಹೆಚ್ಚಿನ ಲೈಟ್ ಕಟ್ಟುವಂತಿಲ್ಲ.

ನಮ್ಮ ಸುತ್ತಿನವರಿಗೆ ಇದು ದೂರದ ವಿಷಯವಲ್ಲ. ಬಡಗುತಿಟ್ಟಿನ ಎರಡು ದೊಡ್ಡ ಶೈಲಿಗಳಾದ ಹಾರಾಡಿ, ಮಟಪಾಡಿ ಎರಡೂ ಬ್ರಹ್ಮಾವರದ ಆಸುಪಾಸಿನವು. ಇಲ್ಲೇ ಕೋಟದ ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲಿ 'ಭೂತರಾಜ್ಯ' ಎಂಬ ಮೂಕಿ ಚಿತ್ರವನ್ನೂ ಮಾಡಿದ್ದರು; ಮುಂದೆ 'ಯಕ್ಷಗಾನ ಬಯಲಾಟ' ಬರೆದು 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದ ಕಪ್ಪು-ಬಿಳುಪು ತೆರೆಗೂ ರಕ್ಕಸ ಬಂದ: 1959ರ ಬಿ.ಎಸ್. ರಂಗಾ ಅವರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರನಾಗಿ ರಾಜ್‌ಕುಮಾರ್. ನಮ್ಮ ರಕ್ಕಸರು ಮಾತುಗಾರರು. ಆಟದಲ್ಲಾದರೆ ಅರ್ಥ ಹೇಳುತ್ತಾರೆ, ದೇವರ ಹತ್ತಿರವೇ ವಾದ ಮಾಡುತ್ತಾರೆ. ಕಾರ್ಲಾಫನ ಪಿಶಾಚಿಗೆ ಇರುವುದು ಕೈ ಮಾತ್ರ.

ಆ ಕೈ ಮರೆಯುವ ಹಾಗಿಲ್ಲ. ಒಂದು ದೃಶ್ಯದಲ್ಲಿ ಮಾಡಿನ ಕಿಂಡಿ ತೆರೆಯುತ್ತಾರೆ. ಜೀವಮಾನದಲ್ಲೇ ಮೊದಲ ಸಲ ಬೆಳಕು ಕಂಡ ಪಿಶಾಚಿ ಎರಡೂ ಕೈ ಎತ್ತಿ ಅದನ್ನು ಹಿಡಿಯಲು ಹೋಗುತ್ತದೆ. ಕಿಂಡಿ ಮುಚ್ಚುತ್ತಾರೆ. ಕೈ ಹಾಗೇ ಬೇಡುತ್ತಾ ನಿಲ್ಲುತ್ತದೆ. ಅಷ್ಟರಲ್ಲಿ ಒಬ್ಬ ದೊಂದಿ ಹಿಡಿದು ಬರುತ್ತಾನೆ, ಪಿಶಾಚಿ ಕಂಗಾಲಾಗುತ್ತದೆ. ಕೊನೆಗೆ ಊರವರು ಗಾಳಿಗಿರಣಿಗೆ ಬೆಂಕಿ ಇಡುವುದೂ ದೊಂದಿಯಿಂದಲೇ. ನಮ್ಮಲ್ಲಿ ದೊಂದಿ ರಕ್ಕಸನನ್ನು ಕರೆತರುತ್ತದೆ, ಅಲ್ಲಿ ಅದೇ ದೊಂದಿ ಅವನನ್ನು ಅಟ್ಟುತ್ತದೆ. ಹೆದರಲು ಕೂತ ನನಗೆ ಹೊಟ್ಟೆ ಕಿವುಚಿದಂತಾಯಿತು.

ಇನ್ನೊಂದು ವಿಷಯ. ಕೆರೆ ಬದಿಯಲ್ಲಿ ಹೂ ತೇಲಿಸುತ್ತಿದ್ದ ಹುಡುಗಿಯೂ ಹೂವಿನ ಹಾಗೆ ತೇಲುತ್ತಾಳೆಂದು ನಂಬಿ ಪಿಶಾಚಿ ಅವಳನ್ನು ನೀರಿಗೆ ಎಸೆಯುತ್ತದೆ. ಆ ಎಸೆತವನ್ನು ಕತ್ತರಿಸಿ ತೋರಿಸುತ್ತಿದ್ದರು. 1980ರ ದಶಕದಲ್ಲಷ್ಟೇ ಮರಳಿ ಸೇರಿತು. ಕತ್ತರಿಸಿದ ಪ್ರತಿ ನೋಡಿದವರಿಗೆ ಕಂಡದ್ದು ಪಿಶಾಚಿ ಕೈ ಚಾಚಿದ್ದು, ಆಮೇಲೆ ಮಗುವಿನ ಹೆಣ ಹೊತ್ತ ಅಪ್ಪ. ನಡುವೆ ಏನಾಯಿತೆಂದು ಅವರವರೇ ಊಹಿಸಿಕೊಳ್ಳಬೇಕಿತ್ತು. ಊಹೆ ಯಾವಾಗಲೂ ಕಂಡದ್ದಕ್ಕಿಂತ ಕ್ರೂರ. ಅಜ್ಜ ಹೇಳಿದ್ದೂ ಇದೇ ಅಲ್ಲವೇ?

ಸಣ್ಣವನಿದ್ದಾಗ ಬೆಳಗಿನ ಜಾವ ಚೌಕಿಗೆ ಇಣುಕಿದ್ದೆ. ರಾತ್ರಿಯಿಡೀ ನನ್ನನ್ನು ಅಮ್ಮನ ಸೆರಗಿಗೆ ಅಂಟಿಸಿದ್ದ ರಕ್ಕಸ ತೆಂಗಿನೆಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಚಾ ಲೋಟ. ಸುಸ್ತಾದ ಒಬ್ಬ ಮನುಷ್ಯ. ಹೆದರಿಕೆ ಹೋದ ಮೇಲೆ ಆತನ ಮೇಲೆ ಉಕ್ಕಿದ ಪ್ರೀತಿಗೆ ಆ ರಾತ್ರಿಯ ಹೆದರಿಕೆಯೇ ಕಾರಣ. ನನ್ನ ಹ್ಯಾಲೊಜೆನ್ನು ಈ ಸಲದ ಮಕ್ಕಳಿಂದ ಎರಡನ್ನೂ ಕಸಿದುಕೊಂಡಿತು.

ಇನ್ನೊಮ್ಮೆ ನಮ್ಮ ಮನೆ ಆಟವಾದಾಗ ಭಾಗವತರನ್ನು ಕೇಳಿಕೊಂಡು, ಬಣ್ಣದ ವೇಷ ಬರುವ ಹೊತ್ತಿಗೆ ಆ ಎರಡು ಲೈಟ್ ಆರಿಸುವವನಿದ್ದೇನೆ. ವಿಡಿಯೋ ಕಪ್ಪಾಗಿ ಬಂದರೆ ಬರಲಿ.