ಸುದ್ದಿ ಕೇಳಿದ ಮೊದಲ ಹತ್ತು ನಿಮಿಷ: ದೇವಾಜಮ್ಮಣ್ಣಿಯಿಂದ ಅಪ್ಪುವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬ್ಯಾಟರಾಯನಪುರದಿಂದ ಮಾತಾಡ್ತಿದ್ದೀನಿ. ಮೈಸೂರು ರಸ್ತೆಯ ಬ್ಯಾಟರಾಯನಪುರ ಅಲ್ಲ, ಬಳ್ಳಾರಿ ರಸ್ತೆಯದ್ದು. ಹಿಂದೆ ಗುಂಯ್ ಅನ್ನೋ ಸದ್ದು ಕೇಳಿಸಿದ್ರೆ ಅದು ಏರ್‌ಪೋರ್ಟ್ ಕಡೆ ಓಡ್ತಿರೋ ಗಾಡಿಗಳದ್ದು, ಸ್ವಲ್ಪ ಸಹಿಸ್ಕೊಳ್ಳಿ.

2021ರ ಅಕ್ಟೋಬರ್ 29, ಶುಕ್ರವಾರ. ನಾನು ಕೊಡಿಗೇಹಳ್ಳಿ ಗೇಟ್ ಹತ್ತಿರ ಒಂದು ಟೀ ಅಂಗಡಿಯಲ್ಲಿದ್ದೆ. ಪಕ್ಕದಲ್ಲಿ ನಿಂತಿದ್ದ ಆಟೋದವರು ಫೋನ್ ನೋಡ್ತಾ ನೋಡ್ತಾ, "ಅಪ್ಪು ಇಲ್ವಂತೆ" ಅಂದ್ರು. ಯಾರೂ ನಂಬಲಿಲ್ಲ. ಅವತ್ತು ಶಿವಣ್ಣನ 'ಭಜರಂಗಿ 2' ರಿಲೀಸ್. ಬೆಳಿಗ್ಗೆ ತಾನೇ ಅಪ್ಪು ಆ ಚಿತ್ರತಂಡಕ್ಕೆ ಶುಭ ಹಾರೈಸಿ ಟ್ವೀಟ್ ಮಾಡಿದ್ರು. 46 ವರ್ಷದ, ಹಾಗೆ ಡಾನ್ಸ್ ಮಾಡೋ ಮನುಷ್ಯ. ಮಧ್ಯಾಹ್ನ ಸುದ್ದಿ ನಿಜ ಅಂತ ಗೊತ್ತಾಯ್ತು. ಒಂದೊಂದೇ ಅಂಗಡಿಯ ಶಟರ್ ಕೆಳಗಿಳೀತು.

ಆ ಸುದ್ದಿ ಕೇಳಿದ ಮೊದಲ ಹತ್ತು ನಿಮಿಷದಲ್ಲಿ ನಾನು ಏನು ಮಾಡಿದೆ ಗೊತ್ತಾ? ಯಾವುದೋ ಗ್ರೂಪಲ್ಲಿ ಬಂದ ಮೆಸೇಜನ್ನ ನಮ್ಮ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಹೃದಯಾಘಾತಕ್ಕೆ ಜಿಮ್ಮೇ ಕಾರಣ, ವ್ಯಾಯಾಮ ನಿಲ್ಲಿಸಿ ಅಂತ ಅದರಲ್ಲಿತ್ತು. ಓದಿ ನೋಡಲೂ ಇಲ್ಲ ನಾನು. ನಮ್ಮಪ್ಪ ಓದಿದರು. ಸಕ್ಕರೆ ಕಾಯಿಲೆ ಇರೋ ಮನುಷ್ಯ, ದಿನಾ ಬೆಳಿಗ್ಗೆ ಜಕ್ಕೂರು ಕೆರೆ ಕಡೆ ನಡೀತಿದ್ದವರು. "ಅಂಥ ಗಟ್ಟಿಮುಟ್ಟಾದ ಹುಡುಗನೇ ಹೋದ, ಇನ್ನು ನಾನು ನಡೆದು ಏನಾಗಬೇಕು" ಅಂತ ನಿಲ್ಲಿಸಿಬಿಟ್ರು. ಎರಡು ತಿಂಗಳು. ಆಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ಶುಗರ್ ನೋಡಿ ಡಾಕ್ಟರು ಬೈದದ್ದು ಅಪ್ಪನಿಗೆ. ಬೈಸ್ಕೋಬೇಕಾಗಿದ್ದವನು ನಾನು.

ಅವತ್ತಿಂದ ನನಗೊಂದು ಹುಳ ಬಿಟ್ಟಂಗಾಗಿದೆ. ಕಾಯಿಲೆ, ಹೊಸ ತಂತ್ರಜ್ಞಾನ, ಸಿನಿಮಾ ತಾರೆ, ಇವುಗಳ ಸುದ್ದಿ ಬಂದಾಗ ನಮ್ಮ ಜನ ಹಿಂದೆಲ್ಲ ಹೇಗೆ ಪ್ರತಿಕ್ರಿಯಿಸಿದ್ರು? ವಾಟ್ಸಾಪ್ ಇಲ್ಲದ ಕಾಲದಲ್ಲಿ ನಾವು ಇದಕ್ಕಿಂತ ಜಾಣರಾಗಿದ್ವಾ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಸೆರಗು ಸರಿಸಿದ ರಾಣಿ

ಮೊದಲು 1805ಕ್ಕೆ ಹೋಗೋಣ, ಮೈಸೂರಿಗೆ.

ಆಗ ಊರೂರನ್ನೇ ನಡುಗಿಸುತ್ತಿದ್ದ ಕಾಯಿಲೆ ಸಿಡುಬು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಮಾಡಬಹುದು ಅಂತ 1798ರಲ್ಲಿ ಪ್ರಕಟಿಸಿದ್ದ. 1802ರ ಜೂನ್‌ನಲ್ಲಿ ಮುಂಬೈಯಲ್ಲಿ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು. ಭಾರತದಲ್ಲಿ ಮೊದಲ ಲಸಿಕೆ ಅದೇ. ಅಲ್ಲಿಂದ ಮುಂದೆ ಕಷ್ಟ ಶುರು. ಫ್ರಿಜ್ ಇಲ್ಲದ ಕಾಲ. ಲಸಿಕೆ ಹಾಕಿಸಿಕೊಂಡವರ ತೋಳಿನ ಗುಳ್ಳೆಯ ಕೀವನ್ನೇ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ಅದು ಯಾರ ತೋಳು, ಯಾವ ಜಾತಿ, ಹಸುವಿನ ಕಾಯಿಲೆಯನ್ನ ನಮ್ಮ ಮೈಗೆ ಯಾಕೆ ಬಿಟ್ಟುಕೊಳ್ಳಬೇಕು? ಜನ ಹಿಂಜರಿದದ್ದರಲ್ಲಿ ಆಶ್ಚರ್ಯ ಇಲ್ಲ.

ಆಗ ಥಾಮಸ್ ಹಿಕ್ಕಿ ಅನ್ನೋ ಐರಿಷ್ ಕಲಾವಿದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಇವರು ನರ್ತಕಿಯರು ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆಯೇ ವಿವರಣೆ ಕೊಡ್ತಾರೆ. ಬಲಗಡೆ ನಿಂತಿರೋದು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ. ಆಕೆ ಸೆರಗು ಸ್ವಲ್ಪ ಸರಿಸಿ ಎಡತೋಳಿನ ಕಡೆ ಬೆರಳು ತೋರಿಸ್ತಿರೋದು ಲಸಿಕೆ ಹಾಕಿಸಿಕೊಂಡ ಜಾಗಕ್ಕೆ, ಅಂತ. ಚಿತ್ರದ ಮಧ್ಯೆ ಇರುವವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿ ಇರಬೇಕು ಅನ್ನೋದು ಅವರ ಅಭಿಪ್ರಾಯ. ಅವರ ಗಂಡ ತೀರಿಕೊಂಡದ್ದೇ ಸಿಡುಬಿನಿಂದ.

ಅಂದ್ರೆ ಆರೋಗ್ಯದ ವಿಷಯಕ್ಕೆ ಹೆಸರುವಾಸಿ ಮುಖ ಬಳಸೋದು ಇನ್‌ಸ್ಟಾಗ್ರಾಂ ಕಾಲದ ಉಪಾಯ ಅಲ್ಲ. ಜನ ವಿಜ್ಞಾನಕ್ಕಿಂತ ಮೊದಲು ನಂಬೋದು ತಮಗೆ ಗೊತ್ತಿರೋರನ್ನ, ಇದು ಅರಮನೆಗೆ ಗೊತ್ತಿತ್ತು. ಈ ಮಾತು ನೆನಪಿಟ್ಕೊಳ್ಳಿ, ಅಪ್ಪು ವಿಷಯಕ್ಕೆ ಬಂದಾಗ ಬೇಕಾಗತ್ತೆ.

ಪ್ಲೇಗ್ ಮತ್ತು ಟೆಲಿಫೋನ್

1898ರ ಆಗಸ್ಟ್. ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದರು. ಬಹಳ ಜನ ಊರು ಬಿಟ್ಟರು. ಸರ್ಕಾರ ಮನೆಮನೆ ತಪಾಸಣೆ ಮಾಡಿಸಿತು, ಸೋಂಕಿದ್ದ ಮನೆ ಖಾಲಿ ಮಾಡಿಸಿತು. ಕೆಲಸದ ಹೊಂದಾಣಿಕೆಗೆ ಅನುಕೂಲ ಆಗಲಿ ಅಂತ ಟೆಲಿಫೋನ್ ತಂತಿ ಎಳೆಸಿದ್ದು ಕೂಡ ಆ ಹೊತ್ತಲ್ಲೇ. ಕಾಯಿಲೆಯ ಸುದ್ದಿಗೆ ನಮ್ಮೂರಲ್ಲಿ ಹೊಸ ತಂತ್ರಜ್ಞಾನ ಜೊತೆಯಾದದ್ದು ಹೀಗೆ.

ಜನರಿಗೆ ಪ್ಲೇಗಿನಷ್ಟೇ ಭಯ ಇದ್ದದ್ದು ತಪಾಸಣೆಯವರ ಬಗ್ಗೆ. ಆಸ್ಪತ್ರೆಗೆ ಹೋದವರು ವಾಪಸ್ ಬರಲ್ಲ, ಸೂಜಿ ಚುಚ್ಚಿ ಸಾಯಿಸ್ತಾರೆ ಅನ್ನೋ ಗಾಳಿಮಾತು ಆಗ ದೇಶದ ಉದ್ದಕ್ಕೂ ಹಬ್ಬಿತ್ತು. ಅವರನ್ನ ದಡ್ಡರು ಅನ್ನೋ ಮೊದಲು ಒಂದು ವಿಷಯ ಹೇಳ್ಬೇಕು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡತ್ತೆ ಅಂತ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕಂಡುಹಿಡಿದದ್ದು ಅದೇ 1898ರಲ್ಲಿ, ಕರಾಚಿಯಲ್ಲಿ. ಅದನ್ನ ಉಳಿದ ವೈದ್ಯರು ಒಪ್ಪೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ಅಂದ್ರೆ ಬೆಂಗಳೂರಿನ ಜನ "ಯಾಕೆ ಸಾಯ್ತಿದ್ದೀವಿ" ಅಂತ ಕೇಳಿದಾಗ ಸರ್ಕಾರದ ಹತ್ತಿರವೂ ಪೂರ್ತಿ ಉತ್ತರ ಇರಲಿಲ್ಲ. ಪ್ರಶ್ನೆ ನಿಜವಾದದ್ದು, ಉತ್ತರ ಇಲ್ಲ. ಆ ಖಾಲಿ ಜಾಗಕ್ಕೇ ಗಾಳಿಮಾತು ಬಂದು ಕೂತದ್ದು.

ಭಯ ಒಂದೇ ಉಳಿಯಲಿಲ್ಲ ಅನ್ನೋದೂ ನಿಜ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದವು, ಅಗಲವಾದ ರಸ್ತೆಗಳು, ಗಾಳಿ ಬೆಳಕಿನ ಮನೆಗಳು. ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೀತು. ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು, ಇವತ್ತಿಗೂ ಪೂಜೆ ನಡೀತಿದೆ.

ಬಾಗಿಲ ಮೇಲೆ 'ನಾಳೆ ಬಾ'

ಇನ್ನು 90ರ ದಶಕ. ಆಗ ಬ್ಯಾಟರಾಯನಪುರ ಬೆಂಗಳೂರಲ್ಲ. 2007ರಲ್ಲಿ ಬಿಬಿಎಂಪಿ ಆಗೋವರೆಗೂ ಇದಕ್ಕೆ ಬೇರೆ ನಗರಸಭೆ ಇತ್ತು. ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ, ಸಂಜೆ ಆದ್ರೆ ಕತ್ತಲು. ಅಮ್ಮ ಹೇಳ್ತಾರೆ, ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಬೀದಿಯ ಮನೆ ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿತ್ತಂತೆ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗತ್ತೆ, ಬಾಗಿಲು ತೆರೆದವರು ಸಾಯ್ತಾರೆ, ಬರೆದಿದ್ದು ಓದಿದ್ರೆ ವಾಪಸ್ ಹೋಗತ್ತೆ. ಅಮ್ಮನೂ ಬರೆದ್ರು. "ನಂಬಿದ್ಯಾ?" ಅಂತ ಕೇಳಿದೆ. "ನಂಬ್ಲಿಲ್ಲ ಕಣೋ. ಆದ್ರೆ ಇಡೀ ಬೀದೀಲಿ ನಮ್ಮನೆ ಬಾಗಿಲು ಮಾತ್ರ ಖಾಲಿ ಇದ್ರೆ?" ಅಂದ್ರು.

ನಾವು ಫಾರ್ವರ್ಡ್ ಮಾಡೋದೂ ಇದೇ ಲೆಕ್ಕದಲ್ಲಿ ಅಲ್ವಾ? ನಂಬಿಕೆ ಅರ್ಧ, "ಇರಲಿ ಒಂದು" ಅನ್ನೋದು ಅರ್ಧ. ಅದೇ ಕಥೆಯ ಎಳೆ ಹಿಡಿದು 2018ರಲ್ಲಿ 'ಸ್ತ್ರೀ' ಅನ್ನೋ ಹಿಂದಿ ಸಿನಿಮಾ ಬಂತು. ನಮ್ಮ ಬೀದಿಯ ಭಯ ಟಿಕೆಟ್ ತಗೊಂಡು ನೋಡೋ ಮನರಂಜನೆ ಆಯ್ತು.

1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ದೇಶವನ್ನೇ ಸುತ್ತಿತು. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಗೋಕೆ ಶುರುವಾಗಿ ಆಗಿನ್ನೂ ಒಂದೇ ತಿಂಗಳು. ಆ ಸುದ್ದಿ ಓಡಿದ್ದು ಎಸ್‌ಟಿಡಿ ಫೋನಿನಲ್ಲಿ. ದ್ರವದ ಮೇಲ್ಮೈ ಸೆಳೆತದಿಂದ ಚಮಚದ ಹಾಲು ಕಲ್ಲಿನ ಮೇಲೆ ತೆಳ್ಳಗೆ ಹರಿದುಹೋಗತ್ತೆ ಅಂತ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಲ್ಲಿ ತೋರಿಸಿಕೊಟ್ಟರು. ಇಂಥ ಕೆಲಸಕ್ಕೆ ನಮ್ಮಲ್ಲಿ ಒಂದು ಪರಂಪರೆಯೇ ಇದೆ. ಗೌರಿಬಿದನೂರು ಕಡೆಯ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನ ವೈಜ್ಞಾನಿಕವಾಗಿ ಪರೀಕ್ಷಿಸೋಕೆ ಸಮಿತಿಯನ್ನೇ ಮಾಡಿದರು.

ಗುವಾಹಟಿಗೆ ರೈಲು

ಸೀಮೆಸುಣ್ಣದ ಗಾಳಿಮಾತು ನೆನೆಸಿಕೊಂಡು ನಗಬಹುದು. 2012ರದ್ದು ನಗೋ ವಿಷಯ ಅಲ್ಲ.

ಆ ವರ್ಷ ಜುಲೈನಲ್ಲಿ ಅಸ್ಸಾಂನ ಕೊಕ್ರಝಾರ್ ಕಡೆ ಹಿಂಸಾಚಾರ ಆಗಿತ್ತು. ಆಗಸ್ಟ್ ಮಧ್ಯದಲ್ಲಿ, ಈಶಾನ್ಯದವರ ಮೇಲೆ ಬೆಂಗಳೂರಲ್ಲಿ ದಾಳಿ ಆಗತ್ತೆ ಅಂತ ಎಸ್ಸೆಮ್ಮೆಸ್ ಹರಿದಾಡಿದವು. ಮೂರ್ನಾಲ್ಕು ದಿನದಲ್ಲಿ ಸಾವಿರಾರು ಜನ ಬ್ಯಾಗ್ ಹಿಡಿದು ಮೆಜೆಸ್ಟಿಕ್ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಸೆಕ್ಯೂರಿಟಿ ಗಾರ್ಡುಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರ್ ಹುಡುಗಿಯರು, ವಿದ್ಯಾರ್ಥಿಗಳು. ಸಚಿವರು ನಿಲ್ದಾಣಕ್ಕೇ ಹೋಗಿ "ಹೋಗಬೇಡಿ" ಅಂತ ಕೇಳಿಕೊಂಡರೂ ರೈಲು ತುಂಬಿದವು. ಆಗಸ್ಟ್ 17ರಂದು ಕೇಂದ್ರ ಸರ್ಕಾರ, ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಮೆಸೇಜ್ ಕಳಿಸೋದನ್ನ 15 ದಿನ ನಿರ್ಬಂಧಿಸಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ಬೆಂಗಳೂರು, ಬೀದರ್ ಸೇರಿ ಹಲವು ಕಡೆ ಅಮಾಯಕರ ಕೊಲೆ ಆದಾಗ ವಾಟ್ಸಾಪ್ ಕೂಡ ಭಾರತದಲ್ಲಿ ಫಾರ್ವರ್ಡನ್ನು ಐದು ಚಾಟ್‌ಗೆ ಇಳಿಸಿತು. ಎರಡು ಸಲವೂ ಐದು. ಆದ್ರೆ ಆ ಐದರಲ್ಲಿ ಒಂದು ನಮ್ಮ ಫ್ಯಾಮಿಲಿ ಗ್ರೂಪ್ ಆದ್ರೆ ಸಾಕು, ಅಪ್ಪನ ನಡಿಗೆ ನಿಲ್ಲತ್ತೆ.

ಅಪ್ಪು ಹೋದ ಮೇಲೆ

ಈಗ ವಾಪಸ್ 2021ಕ್ಕೆ.

ಸುದ್ದಿಗೆ ನಾಡು ಎರಡು ಥರ ಪ್ರತಿಕ್ರಿಯಿಸಿತು. ಒಂದು, ಭಯ ಮತ್ತು ಸಿಟ್ಟು. ಜಯದೇವ ಆಸ್ಪತ್ರೆಯಲ್ಲಿ ಎದೆ ತಪಾಸಣೆಗೆ ಜನ ಮುಗಿಬಿದ್ದರು. ಚಿಕಿತ್ಸೆ ಕೊಟ್ಟ ಕುಟುಂಬ ವೈದ್ಯರ ಮೇಲೆ ಎಷ್ಟು ಸಿಟ್ಟು ಹರಿಯಿತು ಅಂದ್ರೆ ಅವರ ಮನೆಗೆ, ಕ್ಲಿನಿಕ್‌ಗೆ ಪೊಲೀಸ್ ಭದ್ರತೆ ಕೊಡಬೇಕಾಯ್ತು. ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ ಅನ್ನೋದು ಮರೆತಿಲ್ಲ.

ಇನ್ನೊಂದು, ಕಣ್ಣು. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಶುರುವಾಗಿತ್ತು. 2006ರಲ್ಲಿ ಅಣ್ಣಾವ್ರ ಕಣ್ಣು ದಾನವಾಯ್ತು, 2017ರಲ್ಲಿ ಪಾರ್ವತಮ್ಮನವರದ್ದು. ಅಪ್ಪು ಕಣ್ಣೂ ಹಾಗೇ. ಸಾಮಾನ್ಯವಾಗಿ ಎರಡು ಕಣ್ಣಿನಿಂದ ಇಬ್ಬರಿಗೆ ದೃಷ್ಟಿ. ಇಲ್ಲಿ ವೈದ್ಯರು ಪ್ರತಿ ಕಾರ್ನಿಯಾವನ್ನ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಆ ಸುದ್ದಿ ಕೇಳಿ ಕರ್ನಾಟಕದ ಊರೂರಲ್ಲಿ ನೇತ್ರದಾನಕ್ಕೆ ಹೆಸರು ಬರೆಸೋರ ಸಂಖ್ಯೆ ಏರಿತು. ದೇವಾಜಮ್ಮಣ್ಣಿ ನೆನಪಿಗೆ ಬಂದ್ರಾ? ನೂರು ಭಾಷಣಕ್ಕೆ ಬಗ್ಗದವರು ಗೊತ್ತಿರೋ ಒಂದು ಮುಖಕ್ಕೆ ಬಗ್ಗಿದರು.

ನಾವು ಕಲಿತುಬಿಟ್ವಾ? 2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಹಾಸನದಲ್ಲಿ ಹೃದಯಾಘಾತದ ಸುದ್ದಿ ದಿನಾ ಬಂತು, ಫೋನಿನಲ್ಲಿ ಸತ್ತವರ ಲೆಕ್ಕ ಕ್ರಿಕೆಟ್ ಸ್ಕೋರ್ ಥರ ಏರ್ತಾ ಹೋಯ್ತು. ಮತ್ತೆ ಜಯದೇವದ ಮುಂದೆ ಸಾಲು. ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಬರೆದರು, ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನ ಒಂದೊಂದಾಗಿ ನೋಡಿತು. ಅದರಲ್ಲಿ ನಾಲ್ಕು ಹೃದಯದ ಕಾಯಿಲೆಯದ್ದೇ ಅಲ್ಲ. ಹಿಂದಿನ ವರ್ಷಕ್ಕಿಂತ ಅಸಹಜ ಏರಿಕೆಯೂ ಕಾಣಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ಸಕ್ಕರೆ, ಬಿಪಿ, ಸಿಗರೇಟು, ಕುಡಿತ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸೋರು ಹಲವರಿದ್ದರು. ಅವತ್ತು ನನಗೆ ಅಪ್ಪು ಸುದ್ದಿ ಹೇಳಿದ ಆಟೋದವರು ನೆನಪಾದ್ರು. ದಿನಕ್ಕೆ ಹತ್ತು ಗಂಟೆ ಕೂತೇ ದುಡಿಯೋರಿಗೆ ಬೇಕಿದ್ದದ್ದು ಸ್ಕೋರ್ ಅಲ್ಲ, ಒಂದು ಇಸಿಜಿ.

ಅದು ಈಗ ದೂರದ ಮಾತೂ ಅಲ್ಲ. 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೀತಾರೆ. ಹೃದಯಾಘಾತ ಅಂತ ಗೊತ್ತಾದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಎದೆ ನೋವು ಬಂದಾಗ ಗ್ಯಾಸ್ಟ್ರಿಕ್ ಅಂತ ಮಲಗಬೇಡಿ, ಹೋಗಿ. ಇನ್ನೊಂದು, ನೇತ್ರದಾನಕ್ಕೆ ಹೆಸರು ಬರೆಸಿದ್ರೆ ಮನೆಯವರಿಗೂ ಹೇಳಿ. ಸಾವಾದ ಆರು ಗಂಟೆಯೊಳಗೆ ಅವರು ಫೋನ್ ಮಾಡಿದರೇನೇ ಕಣ್ಣು ಉಪಯೋಗಕ್ಕೆ ಬರೋದು.

ಅಪ್ಪ ಮತ್ತೆ ನಡೀತಿದ್ದಾರೆ. ನಾನು ಅವತ್ತಿನ ಗ್ರೂಪಲ್ಲೇ "ನಾನು ಕಳಿಸಿದ್ದು ತಪ್ಪು ಮಾಹಿತಿ, ಡಾಕ್ಟರ್ ಹೇಳಿದ್ದು ಹೀಗೆ" ಅಂತ ಬರೆದು ಹಾಕಿದೆ. ತಪ್ಪು ಮೆಸೇಜಿಗೆ ಹದಿನೇಳು ಜನ ಕೈ ಮುಗಿದಿದ್ರು. ಸರಿ ಮೆಸೇಜಿಗೆ ಉತ್ತರ ಕೊಟ್ಟವರು ಒಬ್ಬರೇ, ನಮ್ಮ ಅತ್ತೆ: "ಹಂಗಾದ್ರೆ ನಾನೂ ನಾಳೆಯಿಂದ ನಡೀಲಾ?"

ನಡೀರಿ ಅತ್ತೆ.