ಅಪ್ಪೆ, ಅಬ್ಬೆ, ಅಪ್ಪ

ನಮ್ಮೂರು ಎಲ್ಲೂರು. ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಈ ಊರನ್ನು ಹೊರಗಿನವರು ವಿಶ್ವೇಶ್ವರ ದೇವಸ್ಥಾನದಿಂದಲೋ, ಉಷ್ಣವಿದ್ಯುತ್ ಸ್ಥಾವರದಿಂದಲೋ ಬಲ್ಲರು. ಮನೆಯಲ್ಲಿ ತುಳು, ಶಾಲೆಯಲ್ಲೂ ಕಚೇರಿಯಲ್ಲೂ ಕನ್ನಡ ಎಂಬುದು ಇಲ್ಲಿನ ಹಳೆಯ ಏರ್ಪಾಡು. ಈ ಎರಡರ ನಡುವೆ ಸಿಕ್ಕಿಕೊಂಡ ಒಂದು ಪುಟ್ಟ ಪದ ನಮ್ಮ ಮನೆಯವರನ್ನು ಒಮ್ಮೆ ಪೇಚಿಗೆ ಸಿಲುಕಿಸಿತು.

ನನ್ನ ಅಜ್ಜಿ ಜಮೀನಿನ ಕಾಗದಕ್ಕಾಗಿ ಕಚೇರಿಯೊಂದಕ್ಕೆ ಹೋಗಿ, “ಉಂದು ಎನ್ನ ಅಪ್ಪೆನ ಜಾಗೆ” ಎಂದರಂತೆ. ಘಟ್ಟದ ಮೇಲಿನಿಂದ ಬಂದಿದ್ದ ಗುಮಾಸ್ತರು ‘ತಂದೆಯ ಜಮೀನು’ ಎಂದು ಬರೆದುಕೊಂಡರು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ! ಅಳಿಯಸಂತಾನದಲ್ಲಿ ವಂಶವನ್ನು ಎಣಿಸುವುದು ಹೆಣ್ಣಿನ ಕಡೆಯಿಂದ. 1949ರ ಮದರಾಸು ಅಳಿಯಸಂತಾನ ಕಾಯಿದೆಯೂ ಅದನ್ನೇ ಹೇಳುತ್ತದೆ. ತಂದೆ ಬೇರೊಂದು ಕುಟುಂಬದವನು. ಹೀಗೆ ಒಂದು ಸ್ವರದ ದೆಸೆಯಿಂದ ಅಜ್ಜಿಯ ಜಾಗ ಕಾಗದದ ಮೇಲೆ ಕುಟುಂಬವನ್ನೇ ಬಿಟ್ಟುಹೋಯಿತು. ಮಂಗಳೂರಿನ ಬಾಸೆಲ್ ಮಿಶನ್ನಿನವರು 1886ರಲ್ಲೇ ಅಚ್ಚುಹಾಕಿದ ಮ್ಯಾನರನ ತುಳು ನಿಘಂಟು ಆ ಮೇಜಿನ ಮೇಲಿದ್ದಿದ್ದರೆ ಅವರ ಅಲೆದಾಟ ಎಷ್ಟೋ ತಪ್ಪುತ್ತಿತ್ತು.

ಇನ್ನೂ ಸೋಜಿಗವೆಂದರೆ, ಹಳಬರ ತುಳುವಿನಲ್ಲಿ ತಂದೆ ‘ಅಮ್ಮೆ’, ಗೌರವದಿಂದ ‘ಅಮ್ಮೆರ್’. ಒಂದನೆಯ ತರಗತಿಯ ಪುಸ್ತಕದಲ್ಲಿ ‘ಅಮ್ಮ’ ಎಂಬ ಅಕ್ಷರಗಳ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ ಕಂಡು ನಾನು ಬೆಪ್ಪಾದದ್ದು ನೆನಪಿದೆ.

ತಾಯಿಗೆ ತಂದೆಯ ಪಟ್ಟ ಸಂದುದರಿಂದ ಹೆಸರುಗಳೂ ಅದಲುಬದಲಾದವು ಎಂದು ಅಳಿಯಸಂತಾನದ ಆಧಾರದಿಂದ ವಿವರಿಸುವವರುಂಟು. ಕೇಳಲು ಸೊಗಸು, ನಾನು ಒಪ್ಪಲಾರೆ. ಕಾಕಸಸ್ ಪರ್ವತದ ತಪ್ಪಲಿನ ಜಾರ್ಜಿಯನ್ ಭಾಷೆಯಲ್ಲೂ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ. ಅಲ್ಲಿ ವಂಶ ನಡೆದುಬಂದದ್ದು ತಂದೆಯ ಕಡೆಯಿಂದಲೇ.

ಅಪ್ಪೆಯ ನಂಟನ್ನು ಅಪ್ಪನಲ್ಲಿ ಹುಡುಕಿದ್ದೇ ತಪ್ಪೆಂದು ನನಗೆ ತೋರುತ್ತದೆ. ಹಳಗನ್ನಡದಲ್ಲಿ ತಾಯಿ ‘ಅಬ್ಬೆ’. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದವಳು, 993ರ ರನ್ನನ ಅಜಿತಪುರಾಣಕ್ಕೆ ಆಶ್ರಯವಿತ್ತವಳು ಅತ್ತಿಮಬ್ಬೆ. ಆಕೆಯ ಹೆಸರಿನ ಕೊನೆಯಲ್ಲಿ ಕುಳಿತಿರುವುದು ಈ ಅಬ್ಬೆಯೇ. ಹವ್ಯಕರ ಮನೆಗಳಲ್ಲಿ ಅಬ್ಬೆ, ನಮ್ಮಿಂದ ಬಡಗಲಿಗೆ ಕುಂದಾಪುರದ ಕನ್ನಡದಲ್ಲಿ ಅಬ್ಬಿ, ಇಂದಿಗೂ ಕೇಳಿಬರುತ್ತವೆ. ಎಲ್ಲೂರಿನ ಅಪ್ಪೆ ಇವರ ಒಡಹುಟ್ಟಿದವಳಿರಬೇಕು. ಅಪ್ಪನ ವೇಷ ತೊಟ್ಟವಳಲ್ಲ.

ಅಮ್ಮೆಯ ಸಂಗತಿ ಅಷ್ಟು ಸಲೀಸಲ್ಲ. 10ನೆಯ ಶತಮಾನದಲ್ಲಿ ವೆಂಗಿಯನ್ನಾಳಿದ ಪೂರ್ವ ಚಾಲುಕ್ಯರಲ್ಲಿ ಇಬ್ಬರು ಅಮ್ಮರಾಜರಿದ್ದರು. ಅಮ್ಮ ಎಂಬುದು ಗಂಡಸಿಗೂ ಸಲ್ಲುತ್ತಿದ್ದ ಹೆಸರೆಂಬುದಕ್ಕೆ ಇಷ್ಟು ಸಾಕು.

ಆದರೆ ಉಲಿ ಒಂದೇ ಆದಮಾತ್ರಕ್ಕೆ ಮೂಲವೂ ಒಂದೆನ್ನುವಂತಿಲ್ಲ. ಹಂಗೇರಿಯವರಿಗೂ ತಂದೆ ‘ಅಪ’. ಅವರು ನಮ್ಮ ದಾಯಾದಿಗಳೇನಲ್ಲ. ಉರ್ದುವಿನ ‘ಆಪಾ’ ಅಕ್ಕ. ಅದು ತುರ್ಕಿ ಭಾಷೆಗಳ ಕಡೆಯಿಂದ ಬಂದ ಮಾತು. ರೋಮನ್ ಯಾಕೊಬ್ಸನ್ 1959ರಲ್ಲಿ ಈ ಗಂಟನ್ನು ಬಿಚ್ಚಿದ. ತುಟಿಗೆ ತುಟಿ ಸೇರಿಸಿ ಮಗು ಮೊದಲು ಹೊರಡಿಸುವ ಮಕಾರ, ಪಕಾರಗಳಿಗೆ ಅರ್ಥ ಹಚ್ಚುವವರು ಹಿರಿಯರು. ಯಾರು ಯಾವುದನ್ನು ತಮ್ಮದೆನ್ನುವರೋ ಅದು ಆಯಾ ನಾಡಿನ ವಾಡಿಕೆ.

ಈಗ ಎಲ್ಲೂರಿನ ಮಕ್ಕಳು ತುಳುವಿನಲ್ಲಿ ಮಾತಾಡುವಾಗಲೂ ತಾಯಿಯನ್ನು ‘ಅಮ್ಮ’ ಎಂದೇ ಕೂಗುತ್ತಾರೆ. ತಂದೆ ಹಲವರಿಗೆ ‘ಪಪ್ಪ’. ಅಜ್ಜಿಯ ಕಾಗದ ನನ್ನಲ್ಲಿದೆ. ‘ತಂದೆಯ’ ಎಂಬುದನ್ನು ಹೊಡೆದು, ಮೇಲೆ ಕೆಂಪು ಶಾಯಿಯಲ್ಲಿ ‘ತಾಯಿಯ’ ಎಂದು ಬರೆದಿದೆ.